ಗೋವಿನಜೋಳದ ಸಾಲಿನ ನಡುವೆ ಅಲಸಂದೆ ಹೊದಿಕೆ: ನಾನು ಮಾಡುವ ರೀತಿ

ಪುನರ್ವಸು ಮಳೆ ಒಂದು ಜೋರು ಹೊಡೆತ ಹೊಡೆದ ಮಾರನೇ ದಿನ ಗೋವಿನಜೋಳದ ಹೊಲಕ್ಕೆ ಹೋಗಿ. ಬಗ್ಗಿ ಗಿಡದ ಕೆಳಗಿನ ಎರಡು ಎಲೆ ಮಗುಚಿ ನೋಡಿ. ಎಲೆಯ ಹಿಂಬದಿಗೆ ಕೆಂಪು ಮಣ್ಣಿನ ಚುಕ್ಕೆ ಮೆತ್ತಿರುತ್ತವೆ. ಮಳೆ ಬಿದ್ದದ್ದು ಮೇಲಿಂದ, ಮಣ್ಣು ಎಲೆಯ ಅಡಿಗೆ ಹೇಗೆ ಬಂತು? ಹನಿ ಬರಿ ನೆಲಕ್ಕೆ ಬಡಿದು ಸಿಡಿಸಿದ ಮಣ್ಣು ಅದು. ಹೀಗೆ ಸಿಡಿದ ನುಣ್ಣನೆ ಮಣ್ಣು ನೀರಿನ ಜೊತೆ ಹರಿದು ನೆಲದ ಸಣ್ಣ ಸಣ್ಣ ತೂತು ಮುಚ್ಚುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಮೇಲೆ ಹಪ್ಪಳದಂಥ ಪದರ ಕಟ್ಟುತ್ತದೆ. ಮುಂದಿನ ಮಳೆ ಒಳಗೆ ಇಳಿಯುವುದನ್ನು ಬಿಟ್ಟು ಬದುವಿನ ಕಡೆ ಓಡುತ್ತದೆ.

ನನ್ನ ಹೊಲ ಇರುವುದು ರಾಣೆಬೆನ್ನೂರು ತಾಲೂಕಿನಲ್ಲಿ. ಮೂರೂವರೆ ಎಕರೆ ಮಸಾರಿ, ಅಂದರೆ ಕೆಂಪು ಮಣ್ಣು, ಸ್ವಲ್ಪ ಇಳಿಜಾರು, ಮಳೆ ನಂಬಿದ ಬೇಸಾಯ. ದಾವಣಗೆರೆ ಕಡೆಯವರು ಮೆಕ್ಕೆಜೋಳ ಅನ್ನುತ್ತಾರೆ, ನಮಗೆ ಅದು ಗೋವಿನಜೋಳ. ಮುಂದೆ ಬರಿ ಜೋಳ ಅಂದರೂ ಇದೇ. ಸಾಲಿನಿಂದ ಸಾಲಿಗೆ ಎರಡು ಅಡಿ. ಮೃಗಶಿರಾ ಮಳೆಗೆ ಬಿತ್ತಿದ ಜೋಳ ಎಲೆಗೆ ಎಲೆ ಕೂಡಿಸಿ ನೆಲ ಮುಚ್ಚಬೇಕಾದರೆ ಹತ್ತಿರ ಹತ್ತಿರ ಐವತ್ತು ದಿನ ಬೇಕು. ಅಷ್ಟು ದಿನವೂ ಆ ಎರಡು ಅಡಿ ಬರಿ ಮೈಯಲ್ಲಿ ಇರುತ್ತದೆ. ನಮ್ಮ ಜೋರು ಮಳೆ ಬರುವುದೂ ಆಗಲೇ.

ಆ ಬರಿ ಜಾಗಕ್ಕೆ ಅಲಸಂದೆ ಬಿತ್ತಿ, ಜೋಳದ ಜೊತೆಗೇ ಬೆಳೆಸಿ, ಬೇಕಾದಾಗ ಕೊಯ್ದು ಅಲ್ಲೇ ಹಾಸುವುದು. ಇದಕ್ಕೆ ಜೀವಂತ ಹೊದಿಕೆ ಅನ್ನುತ್ತಾರೆ. ಮುಖ್ಯ ಬೆಳೆಯ ಸಾಲಿನ ನಡುವೆ ಹಾಕುವ ಅಕ್ಕಡಿ ಬೆಳೆಗೂ ಇದಕ್ಕೂ ವ್ಯತ್ಯಾಸ ಇದೆ. ಅಕ್ಕಡಿ ಹಾಕುವವರು ಕಾಳು ಎಣಿಸುತ್ತಾರೆ. ಹೊದಿಕೆ ಹಾಕುವವನು ನೆಲ ಎಷ್ಟು ಮುಚ್ಚಿತು ಅಂತ ನೋಡಬೇಕು. ಕಾಳು ಸಿಕ್ಕರೆ ಸಾರಿಗೆ ಆಯಿತು. ಈ ಎರಡನ್ನೂ ಬೆರೆಸಿಕೊಂಡೇ ನಾನು ಮೊದಲ ವರ್ಷ ಕೆಟ್ಟೆ.

ಮೊದಲ ವರ್ಷದ ಎಡವಟ್ಟು

ಜೋಳ ಬಿತ್ತಿದ ದಿನವೇ ಅಲಸಂದೆಯನ್ನೂ ಬಿತ್ತಿದೆ. ಕೆಲಸ ಒಂದೇ ಸಲ ಮುಗಿಯಲಿ ಅನ್ನುವ ಆಸೆ. ಅದೂ ಮನೆಯಲ್ಲಿದ್ದ ಹಳೇ ಬಳ್ಳಿ ಅಲಸಂದೆ. ಒಂದು ತಿಂಗಳಿಗೆ ಹೊಲ ನೋಡೋಕೆ ಚೆಂದ, ಹಸಿರೋ ಹಸಿರು. ನಾನು ಫೋಟೋ ಬೇರೆ ತೆಗೆದೆ. ನಲವತ್ತನೇ ದಿನ ಅವ್ವ ಹೊಲಕ್ಕೆ ಬಂದಳು. ಒಂದು ಸಾಲು ನಡೆದು ನಿಂತು, "ಏ, ಇದೇನೋ ಇದು. ಅಲಸಂದಿ ಜ್ವಾಳದ ಕುತಿಗಿ ಹಿಡದೈತಲ್ಲೋ" ಅಂದಳು. ನಿಜವಾಗಿಯೂ ಬಳ್ಳಿ ಜೋಳದ ದಂಟು ಸುತ್ತಿಕೊಂಡು ಸುಳಿಯವರೆಗೆ ಏರಿತ್ತು. ಆ ಭಾಗದ ತೆನೆ ಗೇಣುದ್ದವೂ ಬರಲಿಲ್ಲ.

ಕಾರಣ ಆಮೇಲೆ ಹೊಳೆಯಿತು. ಜೋಳ ಮೊದಲ ಮೂರು ವಾರ ಬಹಳ ನಿಧಾನ ಬೆಳೆಯುವ ಗಿಡ. ಆಗ ಪಕ್ಕದಲ್ಲಿ ಯಾವುದೇ ಸಸಿ ಇದ್ದರೂ ಅದು ಜೋಳದ ಪಾಲಿಗೆ ಕಳೆಯೇ. ನೀವೇ ಬಿತ್ತಿದ್ದು ಅಂತ ಅದಕ್ಕೆ ಗೊತ್ತಾಗುತ್ತದೆಯೇ?

ಅದೇ ವರ್ಷ ಕೆಳಗಿನ ಅರ್ಧ ಎಕರೆಯಲ್ಲಿ ಇನ್ನೊಂದು ಪಾಠ ಆಯಿತು. ಅಲ್ಲಿಗೆ ಬಿತ್ತಿದ ಮಾರನೇ ದಿನ ಕಳೆನಾಶಕ ಹೊಡೆಸಿದ್ದೆ, ಅಟ್ರಾಜಿನ್. ಕೊಟ್ಟವರನ್ನು ಕೇಳಿದೆ, ಅಲಸಂದೆಗೆ ಏನೂ ಆಗಲ್ಲ ಅಂದರು. ಅಟ್ರಾಜಿನ್ ಜೋಳವನ್ನು ಬಿಟ್ಟು ಅಗಲ ಎಲೆಯ ಸಸಿಗಳನ್ನು ಸುಡುವ ಔಷಧಿ. ಅಲಸಂದೆಯದೂ ಅಗಲ ಎಲೆ. ಮೊಳಕೆ ಬಂತು, ಎಲೆಯ ಅಂಚು ಹಳದಿ ಆಯಿತು, ಒಂದು ವಾರಕ್ಕೆ ಎಲ್ಲ ಹೋಯಿತು. ಈ ಔಷಧಿ ಮಣ್ಣಿನಲ್ಲಿ ವಾರಗಟ್ಟಲೆ ಉಳಿಯುತ್ತದೆ. ಹಾಗಾಗಿ ಇಪ್ಪತ್ತು ದಿನ ಬಿಟ್ಟು ಬಿತ್ತಿದರೂ ನಂಬುವ ಹಾಗಿಲ್ಲ. ಹೊದಿಕೆ ಮಾಡುವ ಹೊಲಕ್ಕೆ ಅಟ್ರಾಜಿನ್ ಬೇಡ. ಔಷಧಿ ಬೇಕೇ ಬೇಕು ಅನ್ನುವವರು ಪೆಂಡಿಮಿಥಾಲಿನ್ ಬಗ್ಗೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಅದು ಜೋಳಕ್ಕೂ ದ್ವಿದಳಕ್ಕೂ ಬಳಕೆಯಲ್ಲಿದೆ. ನನಗೆ ಎರಡು ಎಡೆ ಹೊಡೆದರೆ, ಅಂದರೆ ಸಾಲಿನ ನಡುವೆ ಎರಡು ಸಲ ಕುಂಟೆ ಹೊಡೆದು ಕಳೆ ತೆಗೆದರೆ, ಸಾಕಾಗಿದೆ.

ಈಗ ಮಾಡುವ ಕ್ರಮ

ಜೋಳ ಬಿತ್ತಿ ಹನ್ನೆರಡರಿಂದ ಹದಿನೈದು ದಿನಕ್ಕೆ ಮೊದಲ ಎಡೆ. ಇಪ್ಪತ್ತರಿಂದ ಇಪ್ಪತ್ತೆರಡು ದಿನಕ್ಕೆ ಎರಡನೇ ಎಡೆ, ಆಗಲೇ ಜೋಳದ ಬುಡಕ್ಕೆ ಸ್ವಲ್ಪ ಮಣ್ಣು ಏರಿಸಿಬಿಡುತ್ತೇನೆ. ಯಾಕೆಂದರೆ ಇದರ ಮೇಲೆ ಸಾಲಿನ ನಡುವೆ ಕುಂಟೆ ಹೋಗುವ ಹಾಗಿಲ್ಲ. ಎಡೆಕುಂಟೆ ಮುಂದೆ ಹೋಗುತ್ತಿದ್ದ ಹಾಗೆ ಹಿಂದೆ ಒಬ್ಬರು ಕೈಯಲ್ಲಿ ಅಲಸಂದೆ ಉದುರಿಸುತ್ತಾ ಬರಬೇಕು. ಎರಡು ಸಾಲಿನ ಸರಿಯಾಗಿ ನಡುವೆ, ಒಂದೇ ಗೆರೆ. ಒಂದು ಗೇಣಿಗೆ ಎರಡು ಬೀಜ. ಕಾಲಿನಿಂದ ಮಣ್ಣು ಎಳೆದು ಮುಚ್ಚಿದರೆ ಆಯಿತು. ಎಕರೆಗೆ ಆರೇಳು ಕೆಜಿ ಬೀಜ ಬೇಕು.

ಬೀಜ ಆರಿಸುವಾಗ ಬಳ್ಳಿ ಹಬ್ಬದ, ಪೊದೆಯಂತೆ ಕೂರುವ ತಳಿ ಕೇಳಿ ತನ್ನಿ. ಅದೇ ಮುಖ್ಯ. ಕಾಳಿನ ಬಣ್ಣ ಯಾವುದಾದರೂ ನಡೆಯುತ್ತದೆ.

ಹಿಂದೆ ಆ ಹೊಲದಲ್ಲಿ ಅಲಸಂದೆ ಬೆಳೆದಿಲ್ಲ ಅಂದರೆ ಬೀಜಕ್ಕೆ ರೈಜೋಬಿಯಂ ಹಚ್ಚಿ. ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿಯುವ ಜೀವಾಣು ಅದು. ಸ್ವಲ್ಪ ಬೆಲ್ಲ ನೀರಿಗೆ ಹಾಕಿ ಕುದಿಸಿ, ಪೂರ್ತಿ ಆರಿಸಿ. ಬಿಸಿ ಇದ್ದರೆ ಜೀವಾಣು ಸಾಯುತ್ತದೆ, ಆತುರ ಬೇಡ. ಆ ಅಂಟನ್ನು ಬೀಜಕ್ಕೆ ಸವರಿ, ಪುಡಿ ಉದುರಿಸಿ, ಮೊರದಲ್ಲಿ ಹೊರಳಿಸಿ, ನೆರಳಲ್ಲಿ ಒಣಗಿಸಿ ಅವತ್ತೇ ಬಿತ್ತಿ. ಪ್ಯಾಕೆಟ್ ಮೇಲಿನ ತಾರೀಖು ನೋಡದೆ ಕೊಳ್ಳಬೇಡಿ.

ಯೂರಿಯಾ ವಿಷಯಕ್ಕೆ ಬರೋಣ. ಜೋಳ ಮೊಣಕಾಲೆತ್ತರ ಬಂದಾಗ ಮೇಲುಗೊಬ್ಬರ ಕೊಡುತ್ತೇವಲ್ಲ, ಅದನ್ನು ಎರಚಬೇಡಿ. ಎರಚಿದರೆ ಅರ್ಧ ಅಲಸಂದೆಯ ಬುಡಕ್ಕೆ ಬೀಳುತ್ತದೆ. ಬುಡದಲ್ಲೇ ಸಾರಜನಕ ಸಿಕ್ಕಿದರೆ ಅಲಸಂದೆ ಬೇರಿಗೆ ಗಂಟು ಕಟ್ಟುವ ಗೋಜಿಗೇ ಹೋಗುವುದಿಲ್ಲ. ಪುಕ್ಕಟೆ ಊಟ ಬಂದರೆ ಯಾರು ಒಲೆ ಹಚ್ಚುತ್ತಾರೆ! ಜೋಳದ ಸಾಲಿನಿಂದ ನಾಲ್ಕು ಬೆರಳು ದೂರಕ್ಕೆ ಹಾಕಿ ಮಣ್ಣು ಮುಚ್ಚಿ.

ಕೊಯ್ಯುವುದು ಯಾವಾಗ

ಇದನ್ನು ತಾರೀಖಿನ ಮೇಲೆ ಹೇಳೋಕೆ ಆಗಲ್ಲ, ಜೋಳದ ಎಲೆ ನೋಡಿ ಹೇಳಬೇಕು. ಗೋವಿನಜೋಳಕ್ಕೆ ನೀರಿನ ಕೊರತೆ ತಡೆಯೋಕಾಗದ ಸಮಯ ಅಂದರೆ ತುದಿಯಲ್ಲಿ ಸೂಲಂಗಿ (ಗಂಡು ಹೂವಿನ ಗೊಂಚಲು) ಹೊರಟು ತೆನೆಗೆ ರೇಷ್ಮೆ ಬರುವ ದಿನಗಳು. ಹೆಚ್ಚೂಕಡಿಮೆ ಐವತ್ತರಿಂದ ಅರವತ್ತೈದು ದಿನದ ನಡುವೆ. ಆಗ ಅಲಸಂದೆಯೂ ಅದೇ ನೆಲದ ನೀರು ಕುಡಿಯುತ್ತಿರುತ್ತದೆ.

ನನ್ನ ಲೆಕ್ಕ ಇಷ್ಟೇ. ಐವತ್ತನೇ ದಿನದ ಆಸುಪಾಸು ಬೆಳಗ್ಗೆ ಹತ್ತು ಗಂಟೆಗೆ ಹೊಲಕ್ಕೆ ಹೋಗುತ್ತೇನೆ. ಜೋಳದ ಎಲೆ ಬಿಚ್ಚಿಕೊಂಡಿದ್ದರೆ ಹೊದಿಕೆ ಇರಲಿ ಬಿಡು. ಅಷ್ಟು ಹೊತ್ತಿಗೇ ಎಲೆ ಕೊಳವೆಯಂತೆ ಸುರುಳಿ ಸುತ್ತಿದ್ದರೆ ಅವತ್ತು ಸಂಜೆಗೇ ಕುಡುಗೋಲು. ನೆಲಕ್ಕೆ ಹತ್ತಿ ಕೊಯ್ದು ಅಲ್ಲೇ ಹಾಸುವುದು. ಬೇರು ಕೀಳಬಾರದು, ಅದು ಮಣ್ಣಿನಲ್ಲೇ ಕೊಳೆಯಲಿ. ಕೊಯ್ದದ್ದು ಒಣಗಿದರೂ ನೆಲ ಮುಚ್ಚಿಯೇ ಇರುತ್ತದೆ, ನೀರು ಕುಡಿಯುವವರು ಒಬ್ಬರು ಕಡಿಮೆ ಆದರು.

ಮಳೆ ಚೆನ್ನಾಗಿದ್ದ ವರ್ಷ ಅಲಸಂದೆ ಹೂ ಬಿಡುವವರೆಗೆ ಬಿಡುತ್ತೇನೆ. ಹೂ ಬಿಡುವ ಹೊತ್ತಿಗೆ ಎಳೆ ಸೊಪ್ಪು, ಬೇಗ ಕೊಳೆಯುತ್ತದೆ. ಕಾಯಿ ಬಲಿಯೋಕೆ ಬಿಟ್ಟರೆ ಸಾರಜನಕವೆಲ್ಲ ಕಾಳಿಗೆ ಹೋಗಿ, ಕಾಳು ಮನೆಗೆ ಬಂದು, ನೆಲಕ್ಕೆ ಬರಿ ಕಡ್ಡಿ ಉಳಿಯುತ್ತದೆ. ಇಲ್ಲಿ ಮನೆಯಲ್ಲಿ ಜಗಳ ಖಾತ್ರಿ. ಅವ್ವನಿಗೆ ಸೊಪ್ಪು ಎಮ್ಮೆಗೆ ಬೇಕು, ನನಗೆ ನೆಲಕ್ಕೆ. ಬದುವಿಗೆ ಹತ್ತಿದ ನಾಲ್ಕು ಸಾಲು ಎಮ್ಮೆಗೆ, ಉಳಿದದ್ದು ಹೊಲಕ್ಕೆ ಅಂತ ರಾಜಿ ಆಗಿದೆ.

ಮಣ್ಣಿನಲ್ಲಿ ಏನಾಗುತ್ತದೆ

ಎಲ್ಲರೂ ಮೊದಲು ಕೇಳುವುದು, ಯೂರಿಯಾ ಎಷ್ಟು ಉಳಿಯುತ್ತದೆ ಅಂತ. ಮೊದಲ ವರ್ಷ ಏನೂ ಉಳಿಯುವುದಿಲ್ಲ. ಅಲಸಂದೆ ಗಾಳಿಯ ಸಾರಜನಕ ಹಿಡಿಯುವುದು ತನಗಾಗಿ. ಬದುಕಿರುವಾಗ ಪಕ್ಕದ ಜೋಳಕ್ಕೆ ಅದು ಕೊಡುವುದು ಅಷ್ಟಕ್ಕಷ್ಟೆ. ಬೇರು, ಗಂಟು, ಎಲೆ ಸತ್ತು ಕೊಳೆತ ಮೇಲೇ ಅದು ಮಣ್ಣಿಗೆ ಸೇರುವುದು. ಹೆಚ್ಚಿನ ಪಾಲು ಮುಂದಿನ ಬೆಳೆಗೆ ಸಿಗುತ್ತದೆ. ಮೊದಲ ವರ್ಷವೇ ಯೂರಿಯಾ ಅರ್ಧ ಮಾಡಿ "ಹೊದಿಕೆ ಸುಳ್ಳು" ಅಂತ ಬಿಟ್ಟವರು ನಮ್ಮ ಕಡೆ ಇದ್ದಾರೆ. ಹೊದಿಕೆ ಸುಳ್ಳಲ್ಲ, ಅವರು ಲೆಕ್ಕ ಒಂದು ವರ್ಷ ಮುಂಚೆ ಹಾಕಿದರು.

ಬೇಗ ಬದಲಾಗುವುದು ನೀರು ಇಳಿಯುವ ರೀತಿ. ಅದನ್ನು ನಾನು ಕಣ್ಣಾರೆ ಅಳೆದಿದ್ದೇನೆ, ನೀವೂ ಅಳೆಯಬಹುದು. ಅಗಲದ ಪಿವಿಸಿ ಪೈಪಿನ ಒಂದು ಗೇಣು ತುಂಡು ಸಾಕು. ನಮ್ಮ ಹತ್ತಿರ ಬೋರ್‌ವೆಲ್ ಕೇಸಿಂಗಿನ ಚೂರು ಬಿದ್ದಿತ್ತು. ಅದನ್ನು ಮಣ್ಣಿಗೆ ನಾಲ್ಕು ಬೆರಳು ತಟ್ಟಿ ಇಳಿಸಿ. ಒಳಗೆ ಅರ್ಧ ಲೀಟರ್ ನೀರು ನಿಧಾನಕ್ಕೆ ಹಾಕಿ. ಅದು ಇಂಗಿದ ಮೇಲೆ ಇನ್ನೊಂದು ಅರ್ಧ ಲೀಟರ್ ಹಾಕಿ, ಈ ಎರಡನೇ ಸಲದ್ದನ್ನು ಮೊಬೈಲಿನಲ್ಲಿ ಹೊತ್ತು ನೋಡಿ. ಮೊದಲ ಸಲ ಒಣ ಮಣ್ಣು ಹೀರುತ್ತದೆ, ಅದು ಲೆಕ್ಕಕ್ಕೆ ಬೇಡ. ಹೊದಿಕೆ ಇಲ್ಲದ ಪಟ್ಟಿಯಲ್ಲಿ ಒಂದು ಕಡೆ, ಇರುವ ಪಟ್ಟಿಯಲ್ಲಿ ಒಂದು ಕಡೆ, ಒಂದೇ ದಿನ ಮಾಡಬೇಕು. ನನ್ನ ಹೊಲದಲ್ಲಿ ಎರಡನೇ ವರ್ಷದ ಆಶ್ಲೇಷ ಮಳೆ ಮುಗಿದ ಮೇಲೆ ಮಾಡಿದಾಗ ಬರಿ ಪಟ್ಟಿಯಲ್ಲಿ ನಾನು ಒಂದು ಚಹಾ ಕುಡಿದು ಬಂದರೂ ನೀರು ನಿಂತೇ ಇತ್ತು. ಹೊದಿಕೆಯ ಪಟ್ಟಿಯಲ್ಲಿ ಫೋನ್ ಎತ್ತಿಡುವಷ್ಟರಲ್ಲಿ ತಳ ಕಂಡಿತು.

ಯಾಕೆ ಹಾಗೆ? ಎಲೆಯ ಮೇಲೆ ಬಿದ್ದ ಹನಿ ಜೋರು ಕಳೆದುಕೊಂಡು ಜಾರಿ ಇಳಿಯುತ್ತದೆ, ಹಪ್ಪಳ ಕಟ್ಟುವುದಿಲ್ಲ. ಇದು ಮೇಲಿನ ಕತೆ. ಒಳಗೆ ಅಲಸಂದೆಯ ಬೇರು ಬೆಲ್ಲದ ನೀರಿನಂಥ ರಸ ಬಿಡುತ್ತದೆ. ಅದನ್ನು ತಿಂದು ಬದುಕುವ ಜೀವಾಣು, ಬೂಸು, ಬೇರಿಗೆ ಅಂಟಿ ಬೆಳೆಯುವ ಮೈಕೊರೈಜಾ ಅನ್ನುವ ಶಿಲೀಂಧ್ರದ ಎಳೆ, ಇವೆಲ್ಲ ಒಂದು ಬಗೆಯ ಅಂಟು ಬಿಡುತ್ತವೆ. ಮಣ್ಣಿನ ಕಣ ಕಣ ಸೇರಿ ರವೆಯ ಹಾಗೆ ಉದುರುದುರಾಗುತ್ತದೆ. ರವೆಗೂ ಮೈದಾಕ್ಕೂ ನೀರು ಹಾಕಿ ನೋಡಿದರೆ ಗೊತ್ತಾಗುತ್ತದೆ ಅಲ್ವಾ, ಯಾವುದರಲ್ಲಿ ನೀರು ಇಳಿಯುತ್ತದೆ ಅಂತ.

ಅದನ್ನೂ ಪರೀಕ್ಷೆ ಮಾಡಬಹುದು. ಎರಡು ಗಾಜಿನ ಲೋಟಕ್ಕೆ ನೀರು ತುಂಬಿಸಿ. ಸುಪಾರಿ ಗಾತ್ರದ ಒಣಗಿದ ಹೆಂಟೆ ಎರಡು ತನ್ನಿ, ಒಂದು ಹೊದಿಕೆಯ ಸಾಲಿನದ್ದು, ಇನ್ನೊಂದು ಬರಿ ಸಾಲಿನದ್ದು. ಚಹಾ ಸೋಸುವ ಜರಡಿಯಲ್ಲಿಟ್ಟು ನೀರಿಗೆ ಇಳಿಸಿ. ಬರಿ ಸಾಲಿನ ಹೆಂಟೆ ನೀರು ತಾಗಿದ ಕೂಡಲೇ ಬುಸ್ ಅಂತ ಗುಳ್ಳೆ ಬಿಟ್ಟು ಕರಗಿ ಕೆಸರಾಗುತ್ತದೆ. ಜೀವ ಇರುವ ಮಣ್ಣಿನ ಹೆಂಟೆ ತುಂಬ ಹೊತ್ತು ಹಾಗೇ ಕೂತಿರುತ್ತದೆ, ನೀರೂ ತಿಳಿಯಾಗಿರುತ್ತದೆ. ನನ್ನ ಮಗಳು ಇದನ್ನು ಶಾಲೆಗೆ ತಗೊಂಡು ಹೋಗಿ ತೋರಿಸಿದಳು. ಜರಡಿ ಮಾತ್ರ ಮತ್ತೆ ಅಡುಗೆಮನೆಗೆ ಬರಲಿಲ್ಲ, ಅದರ ಬೈಗುಳ ನನಗೆ.

ಮೂರನೆಯದು ಗಂಟಿನ ಪರೀಕ್ಷೆ. ಅಲಸಂದೆ ಬಿತ್ತಿ ಮೂವತ್ತು ದಿನಕ್ಕೆ ಒಂದು ಗಿಡವನ್ನು ಸಲಿಕೆಯಿಂದ ಮಣ್ಣಿನ ಸಮೇತ ಎತ್ತಿ, ಬಕೆಟ್ಟಿನಲ್ಲಿ ನೆನೆಸಿ ತೊಳೆಯಿರಿ. ಎಳೆದು ಕಿತ್ತರೆ ಗಂಟು ಮಣ್ಣಲ್ಲೇ ಉಳಿಯುತ್ತವೆ. ಬೇರಿನ ಮೇಲೆ ಸಾಸಿವೆಯಿಂದ ಹಿಡಿದು ಕಡಲೆಯವರೆಗಿನ ಗಂಟು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ಕೆಂಪು, ಮಾಂಸದ ಬಣ್ಣ ಇದ್ದರೆ ಕೆಲಸ ನಡೀತಿದೆ. ನಮ್ಮ ರಕ್ತದ ಕೆಂಪಿನ ಜಾತಿಗೇ ಸೇರಿದ ವಸ್ತು ಅದು, ಲೆಗ್‌ಹಿಮೊಗ್ಲೋಬಿನ್. ಒಳಗೆ ಬಿಳಿ ಅಥವಾ ಹಸಿರು ಇದ್ದರೆ ಗಂಟು ಸುಮ್ನೆ ಕೂತಿದೆ ಅಂತ ಅರ್ಥ. ಗಂಟೇ ಇಲ್ಲದಿದ್ದರೆ ಮುಂದಿನ ವರ್ಷ ರೈಜೋಬಿಯಂ ಹಚ್ಚಿ, ಯೂರಿಯಾ ಎಲ್ಲಿ ಬೀಳುತ್ತಿದೆ ಅಂತಲೂ ನೋಡಿ.

ಇನ್ನು ಸಾವಯವ ಇಂಗಾಲ. ಮಣ್ಣು ಆರೋಗ್ಯ ಕಾರ್ಡಿನಲ್ಲಿ 'ಓಸಿ' ಅಂತ ಬರೆದಿರುತ್ತಾರೆ. 0.5 ಶೇಕಡಕ್ಕಿಂತ ಕಡಿಮೆ ಇದ್ದರೆ ಕಡಿಮೆ, 0.75ರವರೆಗೆ ಮಧ್ಯಮ, ಅದಕ್ಕಿಂತ ಮೇಲೆ ಜಾಸ್ತಿ ಅಂತ ಲೆಕ್ಕ. ಈ ಅಂಕಿ ಒಂದೇ ವರ್ಷಕ್ಕೆ ಏರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಬಿಸಿಲಿಗೆ ಕೊಳೆಯುವುದೂ ಬೇಗ. ನಾಲ್ಕೈದು ವರ್ಷ ಬಿಡದೆ ಮಾಡಿದ ಮೇಲೆ ನೋಡಬೇಕಾದ ಅಂಕಿ ಅದು. ನೋಡುವುದಾದರೆ ಪ್ರತಿ ಸಲವೂ ಒಂದೇ ತಿಂಗಳಲ್ಲಿ, ಬೇಸಿಗೆಯಲ್ಲಿ ಆದರೆ ಒಳ್ಳೆಯದು, ಹೊಲದ ಎಂಟು ಹತ್ತು ಕಡೆಯಿಂದ ಅರ್ಧ ಅಡಿ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ ಅರ್ಧ ಕೆಜಿ ಕೊಡಿ. ಬದು, ಗಿಡದ ನೆರಳು, ತಿಪ್ಪೆ ಇದ್ದ ಜಾಗ ಬಿಡಿ. ನಾವು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯುತ್ತೇವೆ.

ತೊಂದರೆಗಳೂ ಇವೆ

2018ರಲ್ಲಿ ಶಿವಮೊಗ್ಗದ ಕಡೆ ಮೊದಲು ಕಂಡ ಫಾಲ್ ಆರ್ಮಿವರ್ಮ್, ನಮ್ಮ ಮಾತಿನಲ್ಲಿ ಲದ್ದಿ ಹುಳು, ಈಗ ಎಲ್ಲರ ಹೊಲದಲ್ಲೂ ಇದೆ. ಸುಳಿಗೆ ಔಷಧಿ ಹೊಡೆದರೆ ಅದು ಕೆಳಗಿನ ಅಲಸಂದೆಗೂ ಬೀಳುತ್ತದೆ. ಆಮೇಲೆ ಆ ಕಾಯಿ ಮನೆಗೂ ಬೇಡ, ಸೊಪ್ಪು ದನಕ್ಕೂ ಬೇಡ. ಡಬ್ಬಿಯ ಮೇಲೆ ಬರೆದಷ್ಟು ದಿನ ಕಾಯಲೇಬೇಕು. ಅಲಸಂದೆಗೆ ಕರಿ ಹೇನು ಬರುತ್ತದೆ, ಅದಕ್ಕೆ ಗಾಬರಿ ಆಗಬೇಡಿ. ಹೇನಿನ ಹಿಂದೆ ಗುಲಗಂಜಿ ಹುಳು ಬರುತ್ತವೆ, ಅವು ಜೋಳದ ಹೇನನ್ನೂ ತಿನ್ನುತ್ತವೆ.

ಎರೆ (ಕಪ್ಪು ಮಣ್ಣಿನ) ಭೂಮಿಯವರು, ನೀರು ನಿಲ್ಲುವ ಹೊಲದವರು ಮೊದಲು ನಾಲ್ಕು ಸಾಲಿನಲ್ಲಿ ಮಾಡಿ ನೋಡಿ. ಅಲಸಂದೆಗೆ ಕಾಲು ನೆನೆದರೆ ಆಗಿಬರುವುದಿಲ್ಲ. ಇಲ್ಲಿ ಕೃಷ್ಣಮೃಗದ ಅಭಯಾರಣ್ಯಕ್ಕೆ ಹತ್ತಿದ ಹೊಲದವರ ಕತೆ ಬೇರೆಯೇ. ಎಳೆ ಅಲಸಂದೆ ಕಂಡರೆ ಚಿಗರಿ ಹಿಂಡು ರಾತ್ರೋರಾತ್ರಿ ಬೋಳಿಸಿ ಹೋಗುತ್ತವೆ. ಅಂಥವರು ಹೊದಿಕೆಗೆ ಸೆಣಬು ಹಾಕಿ ನೋಡಬಹುದು, ಆದರೆ ಅದು ಎತ್ತರ ಬೆಳೆಯುತ್ತದೆ, ಜೋಳದ ಸೊಂಟ ಮುಟ್ಟುವ ಮೊದಲೇ ಕೊಯ್ಯಬೇಕು.

ಕೆನ್ಯಾದಲ್ಲಿ ಜೋಳದ ಸಾಲಿನ ನಡುವೆ ಡೆಸ್ಮೋಡಿಯಂ ಅನ್ನುವ ಸಸಿ ಬೆಳೆಸುತ್ತಾರೆ. ಅದು ಕಾಂಡ ಕೊರೆಯುವ ಹುಳುವಿನ ಚಿಟ್ಟೆಯನ್ನು ದೂರ ಓಡಿಸುತ್ತದೆ, ಜೋಳದ ಬೇರಿಗೆ ಅಂಟುವ ಸ್ಟ್ರೈಗಾ ಕಳೆಯನ್ನೂ ತಡೆಯುತ್ತದೆ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಇರುತ್ತದೆ. ನಮ್ಮೂರಲ್ಲಿ ಅದು ನಡೆಯುವುದು ಕಷ್ಟ ಅಂತ ನನ್ನ ಅಭಿಪ್ರಾಯ. ಸುಗ್ಗಿ ಮುಗಿದ ಮೇಲೆ ಊರ ದನ ಕುರಿ ಎಲ್ಲ ಹೊಲಕ್ಕೂ ನುಗ್ಗುತ್ತವೆ. ಬೇಸಿಗೆಯಲ್ಲಿ ಹಸಿರಾಗಿ ನಿಂತ ಒಂದು ಹೊಲ ಇದ್ದರೆ ಕುರುಬಣ್ಣನಿಗೆ ಹಬ್ಬ. ವರ್ಷ ವರ್ಷ ಬಿತ್ತುವ ಅಲಸಂದೆಯೇ ನಮಗೆ ಸರಿ.

ಕೊಯ್ಲಾದ ಮೇಲೆ

ಹುಬ್ಬೆ, ಉತ್ತರೆ ಮಳೆಯ ಹೊತ್ತಿಗೆ ಜೋಳದ ಕೆಳಗಿನ ಎಲೆ ಒಣಗಿ ನೆಲಕ್ಕೆ ಬಿಸಿಲು ಬೀಳೋಕೆ ಶುರುವಾಗುತ್ತದೆ. ಹಾಸಿದ ಅಲಸಂದೆ ಅಷ್ಟರಲ್ಲಿ ಕರಗಿ ಹೋಗಿರುತ್ತದೆ. ನೆಲ ಹಸಿ ಇದ್ದಾಗ ನಿಂತ ಜೋಳದ ನಡುವೆಯೇ ಹುರುಳಿ ಎರಚುತ್ತೇನೆ. ಎಕರೆಗೆ ಎಂಟು ಕೆಜಿಯಷ್ಟು. ಹುಟ್ಟಿದರೆ ಹುಟ್ಟಿತು. ಮಳೆ ಕೈ ಕೊಟ್ಟ ವರ್ಷ ಅರ್ಧವೂ ಹುಟ್ಟಿಲ್ಲ, ಹುಟ್ಟಿದ ವರ್ಷ ಸಂಕ್ರಾಂತಿಯವರೆಗೂ ನೆಲ ಮುಚ್ಚಿತ್ತು.

ತೆನೆ ಮುರಿದ ಮೇಲೆ ದಂಟಿಗೆ ಬೆಂಕಿ ಹಚ್ಚಬೇಡಿ. ಬರಿ ದಂಟು ಕೊಳೆಯೋಕೆ ಬಹಳ ದಿನ ತಗೊಳ್ಳುತ್ತದೆ, ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ. ಜೊತೆಗೆ ದ್ವಿದಳದ ಸೊಪ್ಪು ಇದ್ದರೆ ಆ ಕೊರತೆ ತುಂಬಿ ಬೇಗ ಕೊಳೆಯುತ್ತದೆ. ನಾನು ದಂಟನ್ನು ಕಡಿದು ಸಾಲಿನ ನಡುವೆ ಹಾಸುತ್ತೇನೆ. ಮೊದಲ ಎರಡು ವರ್ಷ ಬೇಸಿಗೆ ಮುಗಿದರೂ ದಂಟು ಹಾಗೇ ಇತ್ತು, ಕೂರಿಗೆಗೆ ಸಿಕ್ಕಿಕೊಂಡು ಎತ್ತಿನವನು ಬೈದಿದ್ದ. ಹೋದ ರೋಹಿಣಿಯಲ್ಲಿ ಕೈಯಿಂದ ಹಿಸುಕಿದರೆ ಪುಡಿಯಾಯಿತು, ಅಡಿಯಲ್ಲಿ ಎರೆಹುಳದ ಹಿಕ್ಕೆ ಸಿಕ್ಕಿತು.

ಈ ಸಲ ಮಾಡಿ ನೋಡುವವರು ಇಡೀ ಹೊಲಕ್ಕೆ ಕೈ ಹಾಕಬೇಡಿ. ಹತ್ತು ಸಾಲು ಹೊದಿಕೆ, ಪಕ್ಕದ ಹತ್ತು ಸಾಲು ಬರಿ, ಉಳಿದದ್ದೆಲ್ಲ ಒಂದೇ ಥರ. ಎರಡರ ತೆನೆಯನ್ನೂ ಬೇರೆ ಬೇರೆ ಚೀಲಕ್ಕೆ ತುಂಬಿ ತೂಕ ಮಾಡಿ. ಗುರುತಿಗೆ ಗೂಟ ಹುಗಿಯೋದು ಮರೀಬೇಡಿ. ನಾನು ಮೊದಲ ಸಲ ಗೂಟ ಹುಗಿಯದೆ, ಕೊಯ್ಲಿನ ದಿನ ಯಾವ ಸಾಲು ಯಾವುದು ಅಂತ ತಲೆ ಕೆರೆದುಕೊಂಡು ನಿಂತಿದ್ದೆ.